ಆಷಾಢದ ಬೆಲೆಚೀಟಿ

ಆಷಾಢ ಹುಟ್ಟಿತೆಂದರೆ ಚಿತ್ರದುರ್ಗದ ಲಕ್ಷ್ಮೀ ಬಜಾರು, ಬಿ.ಡಿ. ರಸ್ತೆಯ ಬಟ್ಟೆ ಅಂಗಡಿಗಳ ಮುಂದೆ ಬ್ಯಾನರುಗಳು ಏಳುತ್ತವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಅದೇ ಸಡಗರ. ಆಟೋಕ್ಕೆ ಕಟ್ಟಿದ ಮೈಕು ಬೀದಿಬೀದಿ ಸುತ್ತುತ್ತದೆ: ಅರ್ಧ ರೇಟು, ಒಂದು ಕೊಂಡರೆ ಒಂದು ಫ್ರೀ, ಇನ್ನು ಮೂರೇ ದಿನ. ಬೆಳಿಗ್ಗೆ ಮನೆ ಬಿಡುವಾಗ ಸೀರೆಯ ಯೋಚನೆಯೇ ಇಲ್ಲದಿದ್ದವರ ಕೈಯಲ್ಲಿ ಸಂಜೆಗೆ ಎರಡು ಕವರು ಇರುತ್ತವೆ.

ರಿಯಾಯಿತಿಗೆ ಆಷಾಢವೇ ಏಕೆ ಎಂದು ಕೇಳಿಕೊಳ್ಳಬೇಕು. ಈ ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ. ವೈಶಾಖ, ಜ್ಯೇಷ್ಠದ ಲಗ್ನಗಳಿಗೆಂದು ತರಿಸಿದ ಮಾಲಿನಲ್ಲಿ ಉಳಿದದ್ದು ಕಪಾಟಿನಲ್ಲಿ ಕೂತಿರುತ್ತದೆ. ಅದಕ್ಕೆ ಹಾಕಿದ ದುಡ್ಡಿಗೆ ಬಡ್ಡಿ ಓಡುತ್ತಿರುತ್ತದೆ. ಶ್ರಾವಣ ಬಂದರೆ ನಾಗರಪಂಚಮಿ, ವರಮಹಾಲಕ್ಷ್ಮಿ, ಹಿಂದೆಯೇ ಗೌರಿ ಗಣೇಶ. ಅಷ್ಟರೊಳಗೆ ಹಳೆಯದು ಖಾಲಿಯಾಗಿ ಹೊಸದಕ್ಕೆ ಜಾಗವೂ ಹಣವೂ ಆಗಬೇಕು. ಹೀಗಾಗಿ ರಿಯಾಯಿತಿ ಎನ್ನುವುದು ಅಂಗಡಿಯ ಕಷ್ಟಕ್ಕೆ ಅಂಗಡಿಯೇ ಕಂಡುಕೊಂಡ ಪರಿಹಾರ. ಅದರಲ್ಲಿ ತಪ್ಪೇನೂ ಇಲ್ಲ, ವ್ಯಾಪಾರ ನಡೆಯುವುದೇ ಹಾಗೆ.

ಆದರೆ ಅದೇ ತಿಂಗಳು ನಮ್ಮ ಮನೆಗಳ ಸ್ಥಿತಿ ಏನು? ಹಿರಿಯೂರಿನ ಕಡೆ ಶೇಂಗಾ ಬಿತ್ತನೆ, ಹೊಳಲ್ಕೆರೆಯಲ್ಲಿ ಮೆಕ್ಕೆಜೋಳಕ್ಕೆ ಗೊಬ್ಬರ, ಹೊಸದುರ್ಗದಲ್ಲಿ ಸಾವೆ, ರಾಗಿಯ ಚಿಂತೆ. ಬೀಜಕ್ಕೆ, ಟ್ರ್ಯಾಕ್ಟರ್ ಬಾಡಿಗೆಗೆ, ಕೂಲಿಗೆ ಕೈಯಲ್ಲಿದ್ದದ್ದೆಲ್ಲ ಹೊಲ ಸೇರಿರುತ್ತದೆ. ಜೂನ್‌ನಲ್ಲಿ ಶಾಲೆ ತೆರೆದು ಮಕ್ಕಳ ಫೀಸು, ಯೂನಿಫಾರಂ ಆಗಿರುತ್ತದೆ. ಮಳೆ ಬಂದೀತೋ ಇಲ್ಲವೋ ಎಂದು ಆಕಾಶ ನೋಡುವ ಕಾಲ. ಈರುಳ್ಳಿ, ಶೇಂಗಾ ಮಂಡಿ ಮುಟ್ಟಿ ದುಡ್ಡು ಮನೆಗೆ ಬರುವುದು ದಸರಾ ಆಸುಪಾಸಿನಿಂದ ಆಚೆಗೆ. ಈ ಬಯಲು ಸೀಮೆಯಲ್ಲಿ ಅಂಗಡಿಗೆ ಬರಗಾಲವಾದ ತಿಂಗಳು ಒಕ್ಕಲು ಮನೆಗೂ ಬರಗಾಲವೇ. ಕೈ ಖಾಲಿ ಇರುವ ಹೊತ್ತಿನಲ್ಲೇ ಅಗ್ಗದ ಬೆಲೆ ಕೂಗುತ್ತದೆ. ಹಿಂದೆ ಬಟ್ಟೆ ತೆಗೆಯುತ್ತಿದ್ದುದು ದೀಪಾವಳಿಗೆ ಇಲ್ಲವೇ ಸುಗ್ಗಿ ಮುಗಿದ ಮೇಲೆ. ನಡುವೆ ಬೇಕಾದರೆ ಪರಿಚಯದ ಅಂಗಡಿಯಲ್ಲಿ ಉದ್ರಿ, ಸುಗ್ಗಿಗೆ ತೀರುವಳಿ. ಈಗ ಫೋನಿನಲ್ಲೇ ಸಾಲ ಸಿಗುತ್ತದೆ, ಕಂತಿನಲ್ಲೂ ಸೀರೆ ಬರುತ್ತದೆ. ಶೇ. 30 ಕಡಿಮೆ ಎಂದು ತಂದದ್ದರ ಮೇಲೆ ಬಡ್ಡಿ ಕಟ್ಟುವಾಗ ಆ 30ರಲ್ಲಿ ಎಷ್ಟು ಉಳಿಯಿತೆಂದು ಲೆಕ್ಕ ಹಾಕುವವರು ಕಡಿಮೆ.

ಆಷಾಢದಲ್ಲೂ ಮದುವೆ ನಿಲ್ಲದ ಕಡೆಯೂ ಇದೆ. ಚಿತ್ರದುರ್ಗದ ಮುರುಘಾ ಮಠದಲ್ಲಿ ಪ್ರತಿ ತಿಂಗಳು 5ರಂದು ಸಾಮೂಹಿಕ ಕಲ್ಯಾಣ ನಡೆದುಕೊಂಡು ಬಂದಿದೆ. ಆಷಾಢ ಅಶುಭ ಎಂಬ ನಂಬಿಕೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಇಡೀ ಜಿಲ್ಲೆ ಹಾಗೆಯೇ ನಡೆದುಕೊಂಡಿದ್ದರೆ ಆಷಾಢದ ಸೇಲೂ ಹುಟ್ಟುತ್ತಿರಲಿಲ್ಲವೇನೋ!

ನನ್ನನ್ನು ಹೆಚ್ಚು ಕಾಡುವುದು ಬೇರೆ. ಜವಳಿ ತೆಗೆಯಲು ದಾವಣಗೆರೆಗೆ ಹೋಗುತ್ತಿದ್ದ ನಮ್ಮ ಕಡೆಯ ಹಿರಿಯ ಹೆಂಗಸರು ಅಂಗಡಿಯ ಗಾದಿಯ ಮೇಲೆ ಕೂತು ಮೊದಲು ಮುಟ್ಟುತ್ತಿದ್ದುದು ಬಟ್ಟೆಯನ್ನು. ಬೆರಳುಗಳ ನಡುವೆ ಉಜ್ಜಿ ಗಂಜಿ ಎಷ್ಟಿದೆ ನೋಡುವುದು, ಬೆಳಕಿಗೆ ಹಿಡಿದು ನೇಯ್ಗೆ ಒತ್ತಾಗಿದೆಯೇ ನೋಡುವುದು, ಅಂಚು ಮಗುಚಿ ಹಿಂಬದಿಯ ದಾರ ನೋಡುವುದು, ಸೆರಗಿನ ಉದ್ದ ಮೊಳ ಹಾಕುವುದು, ಒಂದು ಮೂಲೆ ಒದ್ದೆ ಮಾಡಿ ಬಿಳಿ ಕರ್ಚೀಫಿಗೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುವುದು. ಇಷ್ಟಾದ ಮೇಲೆ ಬೆಲೆಯ ಮಾತು. ಈಗ ಕೈ ಮೊದಲು ಹೋಗುವುದು ಚೀಟಿಗೆ. ಕಾಟು ಹಾಕಿದ 1,999 ಕಾಣುತ್ತದೆ, ಕೆಳಗೆ ಕೆಂಪಿನಲ್ಲಿ 999 ಕಾಣುತ್ತದೆ. ಬಟ್ಟೆ ಎರಡನೆಯದಾಯಿತು. ಆ ಹೆಂಗಸರಲ್ಲಿ ಎಷ್ಟೋ ಮಂದಿಗೆ ಓದು ಬರುತ್ತಿರಲಿಲ್ಲ. ಚೀಟಿಯನ್ನು ನಂಬಿ ಅವರು ಬಟ್ಟೆ ಕೊಳ್ಳುವಂತೆಯೇ ಇರಲಿಲ್ಲ.

ಕಾಟು ಹಾಕಿದ ಅಂಕಿಯ ಶಕ್ತಿ ಸಣ್ಣದಲ್ಲ. 1974ರಲ್ಲಿ ಏಮೊಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ವಿವರಿಸಿದ್ದರು. ಜನರ ಎದುರು ಅಂಕಿಯ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕದವು ನೂರಕ್ಕೆ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತಿದ್ದನ್ನು ಕಂಡವರ ನಡುಮಟ್ಟದ ಉತ್ತರ 25, 65ಕ್ಕೆ ನಿಂತಿದ್ದನ್ನು ಕಂಡವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ. ಮೊದಲು ಕಂಡ ಅಂಕಿ ಮನಸ್ಸನ್ನು ಎಳೆದುಕೊಂಡು ಹೋಗಿತ್ತು. ಕಾಟು ಹಾಕಿದ 1,999 ಕೂಡ ಹಾಗೆಯೇ ಎಳೆಯುತ್ತದೆ. ಆ ಬಟ್ಟೆಯನ್ನು ಯಾರಾದರೂ ಒಂದು ದಿನವಾದರೂ 1,999ಕ್ಕೆ ಕೊಂಡಿದ್ದರೇ ಎಂದು ನಾವು ಕೇಳುವುದಿಲ್ಲ.

ಲೆಕ್ಕವನ್ನೂ ಬಿಡಿಸಿ ನೋಡಬೇಕು. ‘50 ಮತ್ತು 20’ ಎಂದು ಬರೆದಿದ್ದರೆ ಶೇ. 70 ಕಡಿತವೆಂದು ಓದಿಕೊಳ್ಳುತ್ತೇವೆ. 2,000ದ ಸೀರೆ ಮೊದಲು 1,000ಕ್ಕೆ ಇಳಿಯುತ್ತದೆ, ಆ 1,000ದಲ್ಲಿ 200 ಹೋಗಿ 800 ಆಗುತ್ತದೆ. ಕಡಿತ 60. ಎರಡು ಕೊಂಡರೆ ಒಂದು ಉಚಿತ ಎಂದರೆ ಮೂರರಲ್ಲಿ ಒಂದು ಭಾಗದ ರಿಯಾಯಿತಿ ಅಷ್ಟೇ, ಅದೂ ಮೂರು ಬೇಕಿದ್ದವರಿಗೆ. ಇನ್ನು ಸೀರೆ ಮನೆಗೆ ಬಂದ ಮೇಲಿನ ಖರ್ಚು. ಫಾಲ್ಸ್ ಹಚ್ಚಿಸಬೇಕು, ಕುಚ್ಚು ಕಟ್ಟಿಸಬೇಕು, ಲೈನಿಂಗ್ ತಂದು ರವಿಕೆ ಹೊಲಿಸಬೇಕು. ಸೀರೆ ಅರ್ಧ ಬೆಲೆಗೆ ಬಂದರೂ ಟೈಲರು ಕೂಲಿಯಲ್ಲಿ ಅರ್ಧ ಬಿಡುವುದಿಲ್ಲ, ಬಿಡಬೇಕೆಂದು ಕೇಳುವುದೂ ನ್ಯಾಯವಲ್ಲ. ಎಷ್ಟೋ ಮನೆಗಳ ಬೀರುವಿನಲ್ಲಿ ಮಡಿಕೆ ಬಿಚ್ಚದ ಸೀರೆಗಳು ಉಳಿದುಹೋಗುವುದಕ್ಕೆ ಹೊಲಿಸದ ರವಿಕೆಯೂ ಒಂದು ಕಾರಣ.

ಸಿದ್ಧ ಉಡುಪಿನ ಚೀಟಿಯ 999ಕ್ಕೆ ತೆರಿಗೆಯೂ ಒಂದು ಕಾರಣವಾಗಿತ್ತು. ಸಾವಿರದವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅದರಾಚೆಗೆ 12 ಎಂಬ ನಿಯಮ 2025ರ ಸೆಪ್ಟೆಂಬರ್ 21ರವರೆಗೆ ನಡೆಯಿತು. ಈಗ 2,500ರವರೆಗೆ 5, ಮೇಲಾದರೆ 18. ಇನ್ನು ಮುಂದೆ 2,499ರ ಚೀಟಿಗಳು ಹೆಚ್ಚು ಕಂಡರೆ ಆಶ್ಚರ್ಯವಿಲ್ಲ.

ಸೇಲೇ ಬೇಡ, ವರ್ಷವಿಡೀ ನೇರ ಬೆಲೆ ಹಾಕೋಣ ಎಂದು ಹೊರಟವರೂ ಇದ್ದಾರೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆ ಸಂಸ್ಥೆ 2012ರಲ್ಲಿ ಕೂಪನ್ನು, ದಿನಕ್ಕೊಂದು ಸೇಲುಗಳನ್ನು ಕೈಬಿಟ್ಟು ಮೊದಲೇ ತಗ್ಗಿಸಿದ ಬೆಲೆಗಳನ್ನಿಟ್ಟಿತು. ಆ ಒಂದು ವರ್ಷದಲ್ಲಿ ಅದರ ವಹಿವಾಟು ಸುಮಾರು ಕಾಲು ಭಾಗ ಕುಸಿಯಿತು. ಮರುವರ್ಷ ಮುಖ್ಯಸ್ಥರು ಹೊರಬಿದ್ದರು, ಸೇಲುಗಳು ಮರಳಿ ಬಂದವು. ಕೊಳ್ಳುವವರಿಗೆ ಕಡಿಮೆ ಬೆಲೆಯೊಂದೇ ಸಾಲದು, ಕಡಿಮೆ ಮಾಡಿಸಿಕೊಂಡೆ ಎಂಬ ಭಾವವೂ ಬೇಕು.

ಆ ಭಾವವನ್ನು ನಾನು ಹಗುರವಾಗಿ ಕಾಣಲಾರೆ. ವರ್ಷವಿಡೀ ಒಂದೊಂದು ರೂಪಾಯಿ ಎಣಿಸಿ ಸಂಸಾರ ತೂಗಿಸುವ ಹೆಣ್ಣುಮಗಳಿಗೆ ‘ಏಳುನೂರು ಉಳಿಸಿದೆ’ ಎಂದು ಮನೆಯಲ್ಲಿ ಹೇಳಿಕೊಳ್ಳುವುದು ದೊಡ್ಡ ಹೆಮ್ಮೆ. ತನಗಾಗಿ ಏನನ್ನೂ ಕೊಳ್ಳದವಳಿಗೆ ರಿಯಾಯಿತಿ ಒಂದು ನೆಪ, ಒಂದು ಅನುಮತಿ. ಪೂರ್ತಿ ಬೆಲೆಗೆ ತಂದರೆ ಮನೆಯವರಿಗೆ ಉತ್ತರ ಕೊಡಬೇಕು, ಸೇಲಿನಲ್ಲಿ ತಂದರೆ ಜಾಣೆ ಎನ್ನಿಸಿಕೊಳ್ಳುತ್ತಾಳೆ. ಈ ಪ್ರಶ್ನೆ ಗಂಡಸಿನ ಮೊಬೈಲಿಗೆ, ಬೈಕಿಗೆ ಅಷ್ಟಾಗಿ ಬರುವುದಿಲ್ಲ. ಅವಳಿಗೊಂದು ಒಳ್ಳೆಯ ಸೀರೆ ಬೇಕೆಂದು ಮನೆಯೇ ಒಪ್ಪಿ, ಅವಳೇ ಆರಿಸಿ, ಕೈಯಲ್ಲಿ ದುಡ್ಡಿರುವ ತಿಂಗಳಲ್ಲಿ ಕೊಳ್ಳುವಂತಾದರೆ ಈ ನೆಪದ ಹಂಗು ಅವಳಿಗೇಕೆ? ಉಳಿಯಿತೆನ್ನುವ ಏಳುನೂರು ಯಾವ ಡಬ್ಬಿಯಲ್ಲೂ ಇರುವುದಿಲ್ಲ. ಕೊಟ್ಟ ದುಡ್ಡು ಮಾತ್ರ ಹೋಗಿರುತ್ತದೆ.

ಕೊಳ್ಳುವವರು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ‘ಮಾರಿದ ಮಾಲು ವಾಪಸಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಬಿಟ್ಟರೆ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅಗ್ಗದ ಬೆಲೆಯೆಂದು ಜಾಹೀರಾತು ಕೊಟ್ಟು ಆ ಬೆಲೆಗೆ ಮಾರುವ ಉದ್ದೇಶವೇ ಇಲ್ಲದಿದ್ದರೆ ಅದೂ ಹಾಗೆಯೇ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಬಿಲ್ಲು ಮಾತ್ರ ಕೇಳಿ ಪಡೆಯಬೇಕು.

ಕೊನೆಗೆ ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು. ಅಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೈಮಗ್ಗದ ಒಂದು ಸೀರೆಗೆ ದಿನಗಟ್ಟಲೆ ಕೂರಬೇಕು. ಕಸುಬು ಹೆಚ್ಚಿದಷ್ಟೂ ದಿನ ಹೆಚ್ಚು. ರೇಷ್ಮೆ ನೂಲಿನ ಬೆಲೆಯಾಗಲಿ ಜರಿಯ ಬೆಲೆಯಾಗಲಿ ಆಷಾಢಕ್ಕೆಂದು ಇಳಿಯುವುದಿಲ್ಲ. ಹಾಗಿರುವಾಗ ಅರ್ಧ ಬೆಲೆಗೆ ಮೊಳಕಾಲ್ಮೂರು ಸೀರೆ ಎಂದರೆ ಎರಡರಲ್ಲೊಂದು: ಅದು ಯಂತ್ರಮಗ್ಗದಲ್ಲಿ ನೇಯ್ದ ನಕಲು, ಇಲ್ಲವೇ ಕಡಿತ ಬಿದ್ದಿರುವುದು ನೇಕಾರರ ಮಜೂರಿಗೆ. ಅಸಲಿ ರೇಷ್ಮೆಯೇ ಎಂದು ತಿಳಿಯಲು ಸಿಲ್ಕ್ ಮಾರ್ಕ್, ಕೈಮಗ್ಗದ್ದೇ ಎಂದು ತಿಳಿಯಲು ಹ್ಯಾಂಡ್‌ಲೂಮ್ ಮಾರ್ಕ್ ಇವೆ. ಬೆಲೆಚೀಟಿ ತಿರುಗಿಸುವ ಕೈ ಆ ಗುರುತುಗಳನ್ನೂ ಹುಡುಕಲಿ, ನೇಯ್ದವರು ಯಾವ ಊರಿನವರು ಎಂದೂ ಅಂಗಡಿಯವರನ್ನು ಕೇಳಲಿ.