ಪರರ ದೇಹದಲ್ಲಿರುವ ಅರಿವು

ಕಾಶ್ಮೀರದ ಶೈವರು ಆದರಿಸಿಕೊಂಡು ಬಂದ 'ವಿಜ್ಞಾನಭೈರವ' ಎಂಬ ಸಂಸ್ಕೃತ ತಂತ್ರಗ್ರಂಥವು ದೇವಿಯ ಪ್ರಶ್ನೆಯಿಂದ ಆರಂಭವಾಗುತ್ತದೆ. ಇಷ್ಟೆಲ್ಲ ಶಾಸ್ತ್ರ ಕೇಳಿದ ಮೇಲೂ ನನ್ನ ಸಂದೇಹ ತೀರಿಲ್ಲ, ನಿನ್ನ ನಿಜಸ್ವರೂಪ ಯಾವುದು ಎಂದು ಆಕೆ ಭೈರವನನ್ನು ಕೇಳುತ್ತಾಳೆ. ರೂಪಗಳ ವರ್ಣನೆಯೆಲ್ಲ ಮಕ್ಕಳಿಗೆ ಗುಮ್ಮನನ್ನು ತೋರಿಸಿದಂತೆ, ಪರಮಸತ್ಯ ಅದರಲ್ಲಿಲ್ಲ ಎಂಬುದು ಭೈರವನ ಉತ್ತರ. ಆ ಸತ್ಯಕ್ಕೆ ಬಾಗಿಲು ಶಕ್ತಿ, ಅಂದರೆ ದೇವಿಯೇ. ಬೆಂಕಿಯಿಂದ ಸುಡುವ ಗುಣವನ್ನು ಬೇರ್ಪಡಿಸಲಾಗದಂತೆ ಶಿವನಿಂದ ಶಕ್ತಿಯನ್ನು ಬೇರ್ಪಡಿಸಲಾಗದು.

ಸುಮಾರು 160 ಶ್ಲೋಕಗಳ ಈ ಗ್ರಂಥದಲ್ಲಿ 112 ಧಾರಣೆಗಳಿವೆಯೆಂದು ಎಣಿಸಲಾಗುತ್ತದೆ. ಎರಡು ಉಸಿರುಗಳ ನಡುವಿನ ಬಿಡುವು, ಸೀನು ಬರುವ ಕ್ಷಣ, ಹಸಿವಿನ ಆರಂಭ, ಭಯ, ಬಹುಕಾಲದ ಮೇಲೆ ಬಂಧುವನ್ನು ಕಂಡ ಸಂತೋಷ, ಎಲ್ಲವೂ ಚೈತನ್ಯವನ್ನು ಅರಿಯುವ ದಾರಿಗಳೇ. 1972-73ರಲ್ಲಿ ರಜನೀಶರು ಮುಂಬಯಿಯಲ್ಲಿ ಇದರ ಮೇಲೆ ನೀಡಿದ ಉಪನ್ಯಾಸಗಳು ಹೊರದೇಶಗಳಲ್ಲೂ ಓದುಗರನ್ನು ಗಳಿಸಿದವು. ಇಂದು ಹಲವರ ಪಾಲಿಗೆ ಇದು ಮನಶ್ಶಾಂತಿಯ ಕೈಪಿಡಿ.

ಆದರೆ ಶಾಂತಿಗಿಂತ ದೊಡ್ಡದನ್ನು ಬೇಡುವ ಎರಡು ಮಾತುಗಳು ಇದರಲ್ಲಿವೆ. ನಿನ್ನ ದೇಹದ ಚಿಂತೆ ಬಿಟ್ಟು ಪರರ ದೇಹದಲ್ಲೂ ನಿನ್ನೊಳಗಿನಂಥದೇ ಅರಿವನ್ನು ಅನುಭವಿಸು ಎಂಬುದು ಮೊದಲನೆಯದು. ಅಲ್ಪಜ್ಞರು ಶುಚಿ ಎನ್ನುವುದು ಶಿವದೃಷ್ಟಿಯಲ್ಲಿ ಶುಚಿಯೂ ಅಲ್ಲ, ಅಶುಚಿಯೂ ಅಲ್ಲ ಎಂಬುದು ಎರಡನೆಯದು.

ಇವೆರಡನ್ನೂ ಒಪ್ಪಿದವನಿಗೆ ಇನ್ನೊಬ್ಬರ ಮುಟ್ಟುವಿಕೆಯಿಂದ ಮೈಲಿಗೆಯಾಗುವುದಾದರೂ ಹೇಗೆ? ಆದರೆ ನಡೆದದ್ದೇ ಬೇರೆ. ಒಳಗೆ ಕೌಲರಾಗಿದ್ದು, ಲೋಕದ ವ್ಯವಹಾರದಲ್ಲಿ ವೈದಿಕ ನಡಾವಳಿಯನ್ನೇ ಪಾಲಿಸುವುದು ಕಾಶ್ಮೀರದ ತಾಂತ್ರಿಕರಲ್ಲಿ ರೂಢಿಯಾಗಿತ್ತು. ದೀಕ್ಷೆಯ ವಲಯದೊಳಗೆ ಜಾತಿ ಕರಗಿತು, ಬೀದಿಗೆ ಬಂದಾಗ ಮತ್ತೆ ಗಟ್ಟಿಯಾಯಿತು.

ಧ್ಯಾನದ ಗುರಿ ಮುಕ್ತಿ, ಸಮಾಜ ಸುಧಾರಣೆಯಲ್ಲ ಎಂದು ಕೆಲವರು ಹೇಳಬಹುದು. ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. ಗ್ರಂಥವು ಸಾಮಾಜಿಕ ನೀತಿಯನ್ನು ಬೋಧಿಸಲು ಹೊರಟಿಲ್ಲ, ಅನುಭವದ ದಾರಿ ತೋರಿಸುತ್ತದೆ ಅಷ್ಟೆ. ಆದರೆ ಕಣ್ಣು ಮುಚ್ಚಿದಾಗ ಸತ್ಯವಾಗಿದ್ದದ್ದು ಕಣ್ಣು ತೆರೆದ ಕೂಡಲೇ ಸುಳ್ಳಾಗುತ್ತದೆಯೇ? ಅನುಭವ ತಾನಾಗಿಯೇ ನಡತೆಯಾಗುವುದಿಲ್ಲ. ಆ ಹೆಜ್ಜೆಯನ್ನು ಮನುಷ್ಯನೇ ಇಡಬೇಕು, ಇಟ್ಟಾಗ ಆಗುವ ನಷ್ಟವನ್ನೂ ಅವನೇ ಹೊರಬೇಕು.

ಈ ಪ್ರಶ್ನೆ ಯಾವುದೋ ಕಾಲದ ತಾಂತ್ರಿಕರಿಗಷ್ಟೇ ಸೇರಿದ್ದಲ್ಲ. ಎಲ್ಲರೂ ಒಂದೇ ಎಂದು ವೇದಿಕೆಯಲ್ಲಿ ಹೇಳಿ, ಜಾತಿ ಧರ್ಮ ಕೇಳಿ ಮನೆ ಬಾಡಿಗೆಗೆ ಕೊಡುವವರು ನಮ್ಮ ನಡುವೆ ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಪರರಲ್ಲಿ ತನ್ನದೇ ಅರಿವನ್ನು ಕಂಡವನು ಅವರಿಗೆ ತನ್ನ ಮನೆಯ ಬಾಗಿಲು ಮುಚ್ಚಿದರೆ, ಅವನು ಕಂಡದ್ದಾದರೂ ಏನು?