ಪಕ್ಷ ಗೊತ್ತಾದರೆ ಸಾಕೆ?

ತಿರುವನಂತಪುರದ ಟೆಕ್ನೋಪಾರ್ಕಿಗೋ ಕೊಚ್ಚಿಯ ಇನ್ಫೋಪಾರ್ಕಿಗೋ ಕೆಲಸಕ್ಕೆಂದು ಬಂದ ಕನ್ನಡಿಗರಿಗೆ ಮಲಯಾಳ ಸ್ವಲ್ಪ ಕಿವಿಗೆ ಹತ್ತಿದ ಮೇಲೆ ಏಳುವ ಪ್ರಶ್ನೆ ಇದು: ರಾತ್ರಿಯ ಚಾನೆಲ್ ಚರ್ಚೆಗಳಲ್ಲಿ ಯಾರ ಮಾತು ನಂಬಬೇಕು? ಊರಿನ ಗೆಳೆಯರ ಉತ್ತರ ಸಿದ್ಧವಾಗಿರುತ್ತದೆ. ಕೈರಳಿ ಸಿಪಿಎಂ ಕಡೆಯದು, ಜೈಹಿಂದ್ ಕಾಂಗ್ರೆಸ್ಸಿನದು, ಜನಂ ಸಂಘ ಪರಿವಾರದತ್ತ ವಾಲಿದ್ದು. ಮಾತಾಡುವವನ ಹೆಸರಿನ ಕೆಳಗೆ 'ರಾಜಕೀಯ ನಿರೀಕ್ಷಕ' ಎಂದು ಬರೆದಿದ್ದರೆ, ಅವನು ಯಾರ ಪರ ಎಂದು ಎರಡು ವಾಕ್ಯಗಳಲ್ಲೇ ಗೊತ್ತಾಗುತ್ತದೆ ಎನ್ನುತ್ತಾರೆ. ಎಡದ್ದೊಂದು, ಬಲದ್ದೊಂದು, ನಡುವಿನದ್ದೊಂದು ನೋಡಿ ಕೂಡಿಸಿ ಭಾಗಿಸಿದರೆ ಸತ್ಯ ಸಿಗುತ್ತದೆ ಎಂಬುದು ಈ ಲೆಕ್ಕ.

ಈ ಲೆಕ್ಕ ಅರ್ಧ ಮಾತ್ರ ಸರಿ. ಹಾಗೆನ್ನಲು ಇದೇ ತಿರುವನಂತಪುರದಲ್ಲಿ ನಡೆದ ಇಸ್ರೋ ಬೇಹುಗಾರಿಕೆ ಪ್ರಕರಣವೇ ಸಾಕು. 1994ರ ಅಕ್ಟೋಬರಿನಲ್ಲಿ ಮಾಲ್ಡೀವ್ಸ್‌ನ ಮರಿಯಂ ರಷೀದಾ ಎಂಬಾಕೆಯನ್ನು ಪೊಲೀಸರು ಬಂಧಿಸಿದರು. ನವೆಂಬರಿನಲ್ಲಿ ವಿಜ್ಞಾನಿಗಳಾದ ಶಶಿಕುಮಾರನ್ ಮತ್ತು ನಂಬಿ ನಾರಾಯಣನ್ ಜೈಲು ಸೇರಿದರು. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ಕೂಡ ಆರೋಪಿಯಾದರು. ರಾಕೆಟ್ ರಹಸ್ಯ ಮಾರಿದರೆಂಬ ಕಥೆಯನ್ನು ಮಲಯಾಳದ ಪತ್ರಿಕೆಗಳು ವಾರಗಟ್ಟಲೆ ಬಣ್ಣ ಕಟ್ಟಿ ಬರೆದವು. ಇಲ್ಲಿ ಎಡ-ಬಲದ ಭೇದವಿರಲಿಲ್ಲ. ಮುಖ್ಯಮಂತ್ರಿ ಕರುಣಾಕರನ್ ಇಳಿಯಲಿ ಎಂದು ಎಡಪಕ್ಷಗಳಿಗೂ ಇತ್ತು, ಅವರದೇ ಕಾಂಗ್ರೆಸ್ಸಿನ ಎದುರು ಬಣಕ್ಕೂ ಇತ್ತು. 1995ರ ಮಾರ್ಚಿನಲ್ಲಿ ಅವರು ರಾಜೀನಾಮೆ ಕೊಟ್ಟರು.

1996ರಲ್ಲಿ ಸಿಬಿಐ ಇಡೀ ಪ್ರಕರಣವೇ ಸುಳ್ಳೆಂದು ವರದಿ ಕೊಟ್ಟಿತು. ಆಮೇಲೆ ಬಂದ ಎಡರಂಗ ಸರ್ಕಾರ ಮರುತನಿಖೆಗೆ ಹೊರಟಾಗ 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 14ರಂದು ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ಕೋರ್ಟ್ ಹೇಳಿತು. ಚಂದ್ರಶೇಖರ್ ಆಗ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ತೀರ್ಪು ಬಂದ ಎರಡೇ ದಿನಕ್ಕೆ ತೀರಿಕೊಂಡರು.

1994ರಲ್ಲಿ ಒಬ್ಬ ಓದುಗ ಎಲ್ಲ ಬಣದ ಪತ್ರಿಕೆಗಳನ್ನೂ ತರಿಸಿ ಓದಿದ್ದನೆಂದು ಇಟ್ಟುಕೊಳ್ಳೋಣ. ಅವನಿಗೆ ಸಿಗುತ್ತಿದ್ದದ್ದು ಸತ್ಯವಲ್ಲ, ಒಮ್ಮತ. ಪಂಚತಂತ್ರದಲ್ಲಿ ಮೂವರು ಕಳ್ಳರು ಒಬ್ಬರಾದ ಮೇಲೊಬ್ಬರು ಬಂದು ಬ್ರಾಹ್ಮಣನ ಹೆಗಲ ಮೇಲಿನ ಮೇಕೆಯನ್ನು ನಾಯಿ ಎನ್ನುತ್ತಾರೆ. ಅಲ್ಲಿ ಅವರು ಮೊದಲೇ ಮಾತಾಡಿಕೊಂಡಿದ್ದರು. ಇಲ್ಲಿ ಎಲ್ಲರೂ ಕೂಡಿ ಸಂಚು ಮಾಡುವ ಅಗತ್ಯವೇ ಇರಲಿಲ್ಲ. ಬೇರೆ ಬೇರೆ ಕಾರಣಕ್ಕೆ ಎಲ್ಲರಿಗೂ ಅದು ನಾಯಿಯಾಗಬೇಕಿತ್ತು. ಮಾರಿದರೆನ್ನಲಾದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಆಗ ಭಾರತದ ಬಳಿ ಇತ್ತೇ ಎಂದು ಕೇಳಿದ್ದರೆ ಸಾಕಿತ್ತು. ಇರಲಿಲ್ಲ.

ಹಾಗಾದರೆ ನಂಬಿಕೆಗೆ ಅಳತೆ ಯಾವುದು? ನಮ್ಮ ನ್ಯಾಯಶಾಸ್ತ್ರ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿತ್ತು. ಶಬ್ದ, ಅಂದರೆ ಇನ್ನೊಬ್ಬರ ಮಾತು, ಪ್ರಮಾಣವಾಗುವುದು ಆಡಿದವನು 'ಆಪ್ತ'ನಾಗಿದ್ದರೆ. ಆಪ್ತ ಯಾರು? ವಿಷಯವನ್ನು ತಾನೇ ಕಂಡು ತಿಳಿದವನು, ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಗಮನಿಸಿ: ಅವನ ಕುಲ ಯಾವುದು, ಬಣ ಯಾವುದು ಎಂಬುದು ಆ ಲಕ್ಷಣದಲ್ಲಿ ಇಲ್ಲ. ಪಕ್ಷದ ಮನುಷ್ಯನೂ ಆಪ್ತನಾಗಬಹುದು. ಯಾವ ಪಕ್ಷಕ್ಕೂ ಸೇರದವನು, ಕಂಡಿಲ್ಲದ್ದನ್ನು ಹೇಳಿದರೆ, ಆಪ್ತನಲ್ಲ. 1994ರ ವರದಿಗಾರರಲ್ಲಿ ಹೆಚ್ಚಿನವರು ಪೊಲೀಸ್ ಠಾಣೆಯಿಂದ ಸೋರಿದ್ದನ್ನು ತಾವೇ ಕಂಡಂತೆ ಬರೆದರು. ದೋಷ ಇದ್ದದ್ದು ಅಲ್ಲಿ.

ಒಂದು ವಿಷಯದಲ್ಲಿ ಆಪ್ತನಾದವನು ಎಲ್ಲ ವಿಷಯದಲ್ಲೂ ಆಪ್ತನಾಗುತ್ತಾನೆಯೇ? ಇದಕ್ಕೆ ಉತ್ತರ ಪಾಳಯದಲ್ಲಿ ಪ್ರತಿಮೆಯಾಗಿ ನಿಂತಿದೆ. 'ಸ್ವದೇಶಾಭಿಮಾನಿ' ರಾಮಕೃಷ್ಣ ಪಿಳ್ಳೆ ತಿರುವಾಂಕೂರಿನ ದಿವಾನ ಪಿ. ರಾಜಗೋಪಾಲಾಚಾರಿಯ ಆಡಳಿತವನ್ನು ಹೆದರದೆ ಬಯಲಿಗೆಳೆದ ಸಂಪಾದಕ. 1910ರ ಸೆಪ್ಟೆಂಬರ್ 26ರಂದು ಸರ್ಕಾರ ಅವರನ್ನು ಗಡೀಪಾರು ಮಾಡಿ, ವಕ್ಕಂ ಮೌಲವಿಯವರ ಒಡೆತನದ ಆ ಮುದ್ರಣಾಲಯವನ್ನು ಮುಟ್ಟುಗೋಲು ಹಾಕಿಕೊಂಡಿತು. ಪಿಳ್ಳೆ ಮರಳಿ ಊರಿಗೆ ಬರಲಾಗದೆ 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಕೇರಳದ ಪತ್ರಿಕಾಧರ್ಮಕ್ಕೆ ಇಂದಿಗೂ ಆ ಹೆಸರೇ ಮೇಲ್ಪಂಕ್ತಿ.

ಅದೇ 1910ರಲ್ಲಿ ಪುಲಯರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವ ಆದೇಶ ಬಂದಾಗ ಅದೇ ಸಂಪಾದಕರು ವಿರೋಧಿಸಿದರು. ಮೇಲ್ಜಾತಿಯ ಮಕ್ಕಳ ಜೊತೆ ಅವರನ್ನು ಕೂರಿಸುವುದು ಕುದುರೆಯನ್ನೂ ಎಮ್ಮೆಯನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ ಎಂಬ ಅರ್ಥದಲ್ಲಿ ಬರೆದರು. ಆ ಆದೇಶದ ಹಿಂದಿದ್ದದ್ದು ಅವರು ಬಯ್ಯುತ್ತಿದ್ದ ದಿವಾನರ ಆಡಳಿತವೇ. ಪುಲಯರ ನಾಯಕ ಅಯ್ಯಂಕಾಳಿ ಶ್ರೀಮೂಲಂ ಪ್ರಜಾಸಭೆಗೆ ನಾಮಕರಣಗೊಂಡದ್ದೂ ಅದೇ ದಿವಾನರ ಕಾಲದಲ್ಲಿ.

ಈಗ ಪಿಳ್ಳೆಯವರಿಗೆ ಒಂದೇ ಅಂಕ ಕೊಡಿ ಎಂದರೆ ಎಷ್ಟು ಕೊಡುತ್ತೀರಿ? ಅಧಿಕಾರದ ವಿಷಯದಲ್ಲಿ ಅವರು ಕಂಡದ್ದನ್ನು ಕಂಡಂತೆ ಹೇಳಿ ಬೆಲೆ ತೆತ್ತವರು. ಜಾತಿಯ ವಿಷಯದಲ್ಲಿ ಕಾಮಾಲೆ ಕಣ್ಣು. ಆ ಕಾಮಾಲೆ ಯಾವ ಪಕ್ಷದ್ದೂ ಅಲ್ಲ, ಓದುಗರಲ್ಲಿ ಬಹುಪಾಲು ಮಂದಿಗೂ ಅದೇ ಕಣ್ಣು. ಹಾಗಾಗಿ ಅದು ಪಕ್ಷಪಾತವೆಂದೇ ಅವರಲ್ಲಿ ಅನೇಕರಿಗೆ ಅನಿಸಿರಲಾರದು. ಅದನ್ನು ಗುರುತಿಸಬಲ್ಲವರು ಶಾಲೆಯ ಹೊರಗೆ ನಿಂತಿದ್ದರು.

ಆದ್ದರಿಂದ ವ್ಯಾಖ್ಯಾನಕಾರನಿಗೆ ಇಡೀ ಮನುಷ್ಯನ ಲೆಕ್ಕದಲ್ಲಿ ಅಂಕ ಕೊಡುವುದು ನ್ಯಾಯವಲ್ಲ. ಪ್ರತಿ ಮಾತಿಗೂ ಬೇರೆ ಬೇರೆಯಾಗಿ ಕೇಳಬೇಕು. ಇದನ್ನು ಇವನು ಕಂಡದ್ದೋ, ಕೇಳಿದ್ದೋ? ಕೇಳಿದ್ದಾದರೆ ಯಾರಿಂದ ಎಂದು ಹೇಳಿದನೇ? ತನ್ನವರಿಗೆ ನಷ್ಟವಾಗುವ ಮಾತನ್ನು ಎಂದಾದರೂ ಆಡಿದ್ದಾನೆಯೇ? ಮಾತು ಸುಳ್ಳಾದಾಗ ಹಿಂದಿರುಗಿ ಬಂದು ತಿದ್ದಿದನೇ? ಕೈರಳಿಯಲ್ಲೋ ಜನಂನಲ್ಲೋ ಬಾವುಟ ಹೊರಗೇ ಕಾಣುವುದರಿಂದ ನಾವು ತಾನಾಗಿ ಎಚ್ಚರವಾಗಿರುತ್ತೇವೆ. ಎಚ್ಚರ ತಪ್ಪುವುದು ನಮಗೆ 'ತಟಸ್ಥ' ಎನಿಸುವವನ ಮುಂದೆ. ತಟಸ್ಥ ಎನಿಸುವುದು ಅವನು ನಮ್ಮ ದಡದಲ್ಲೇ ನಿಂತಿರುವುದರಿಂದಲೂ ಇರಬಹುದು.

ವಲಸೆ ಬಂದ ನಮಗೆ ಇದರಲ್ಲಿ ಒಂದು ಅನುಕೂಲವಿದೆ. ಇಲ್ಲಿನ ಬಹುಪಾಲು ಜಗಳಗಳಲ್ಲಿ ನಮಗೆ ಮತವಿಲ್ಲ, ಬಣವಿಲ್ಲ. ಹಾಗಾಗಿ ಮಲಯಾಳದ ವ್ಯಾಖ್ಯಾನಕಾರನ ವಾಲುವಿಕೆ ನಮಗೆ ಬೇಗ ಕಾಣುತ್ತದೆ. ಅದೇ ಕಣ್ಣನ್ನು ರಾತ್ರಿ ಮೊಬೈಲಿನಲ್ಲಿ ನೋಡುವ ಕನ್ನಡ ಚಾನೆಲಿನ ಮೇಲೆ ಇಡುವುದು ಕಷ್ಟದ ಕೆಲಸ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಲ್ಲಿ ಹೇಳುತ್ತಾರೆ. ನಮ್ಮವನು ಹೇಳಿದ್ದನ್ನಂತೂ ಪ್ರಮಾಣಿಸಲೇಬೇಕು. ಚಂದ್ರಶೇಖರ್ ದೋಷಿಯಲ್ಲ ಎಂದು ಸಿಬಿಐ ಹೇಳಲು ಸುಮಾರು ಒಂದೂವರೆ ವರ್ಷ ಬೇಕಾಯಿತು. ದೋಷಿ ಎಂದು ಊರು ನಂಬಲು ಬೆಳಗಿನ ಪತ್ರಿಕೆ ಸಾಕಾಗಿತ್ತು.