ಪರದೆಯ ಕಡಲು: ಕಂಡದ್ದೋ, ಕೇಳಿದ್ದೋ?

ತರಗತಿಯಲ್ಲಿ ಕುಳಿತಲ್ಲಿಂದಲೇ ಪರದೆಯ ಮೂಲಕ ಒಂದು ಸ್ಥಳವನ್ನು ಸುತ್ತಿಸಿ ತರುವ ಪಾಠಕ್ರಮಕ್ಕೆ ವರ್ಚುವಲ್ ಪ್ರವಾಸ ಎಂದು ಹೆಸರು. ಕಡಲು ಮತ್ತು ಹಡಗುಗಳ ಚರಿತ್ರೆಯನ್ನು ಕಲಿಸುವಲ್ಲಿ ಈ ಕ್ರಮಕ್ಕೆ ವಿಶೇಷ ಸ್ಥಾನವಿದೆ. ಕೋಟೆಗೆ, ಗುಡಿಗೆ, ಅಣೆಕಟ್ಟಿಗೆ ಮಕ್ಕಳನ್ನು ಬಸ್ಸು ಮಾಡಿ ಕರೆದೊಯ್ಯಬಹುದು. ಕಡಲ ತಳಕ್ಕೆ ಕರೆದೊಯ್ಯುವ ಬಸ್ಸು ಇಲ್ಲ. 1985ರ ಸೆಪ್ಟೆಂಬರ್ 1ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ, ಸುಮಾರು 3,800 ಮೀಟರ್ ಆಳದಲ್ಲಿ ಟೈಟಾನಿಕ್ ಹಡಗಿನ ಅವಶೇಷ ಪತ್ತೆಯಾಯಿತು. ಶೋಧದ ಮುಂಚೂಣಿಯಲ್ಲಿದ್ದ ಅಮೆರಿಕದ ರಾಬರ್ಟ್ ಬಲಾರ್ಡ್ ಅವರಿಗೆ ಬಳಿಕ ಶಾಲಾ ಮಕ್ಕಳಿಂದ ಸಾವಿರಾರು ಪತ್ರಗಳು ಬಂದವು. ಅದರಿಂದ ಹುಟ್ಟಿದ್ದು ಜೇಸನ್ ಯೋಜನೆ. 1989ರಲ್ಲಿ ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ರೋಬೋಟ್ ಯಂತ್ರ ಕಂಡ ದೃಶ್ಯಗಳು ಉಪಗ್ರಹದ ಮೂಲಕ ಉತ್ತರ ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಸೇರಿದ್ದ ಮಕ್ಕಳಿಗೆ ಅದೇ ಹೊತ್ತಿನಲ್ಲಿ ತಲುಪಿದವು. ಇಂದು ಅಂಥ ದೃಶ್ಯ ತರಗತಿಯ ಸ್ಮಾರ್ಟ್ ಬೋರ್ಡಿಗೇ ಬರುತ್ತದೆ.

ಇಂಥ ಪ್ರವಾಸ ಮುಗಿಸಿದ ಮಗು ‘ನಾನು ಟೈಟಾನಿಕ್ ನೋಡಿದೆ’ ಎನ್ನುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದು ತಂತ್ರಜ್ಞಾನದ ಪ್ರಶ್ನೆಯಲ್ಲ, ಜ್ಞಾನಮೀಮಾಂಸೆಯ ಪ್ರಶ್ನೆ. ಅರಿವು ಯಾವ ಬಾಗಿಲಿನಿಂದ ಬಂತು, ಆ ಬಾಗಿಲಿನ ಯೋಗ್ಯತೆ ಏನು ಎಂಬುದನ್ನು ಭಾರತೀಯ ದರ್ಶನಗಳು ಪ್ರಮಾಣವಿಚಾರ ಎಂಬ ಹೆಸರಿನಲ್ಲಿ ಸಾವಿರಾರು ವರ್ಷ ಚರ್ಚಿಸಿವೆ. ನ್ಯಾಯದರ್ಶನ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇಂದ್ರಿಯಕ್ಕೂ ವಸ್ತುವಿಗೂ ನೇರ ಸಂಬಂಧವಾದಾಗ ಹುಟ್ಟುವ ಅರಿವು ಪ್ರತ್ಯಕ್ಷ. ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಹಸುವಿನಂತಿರುವ ಕಾಡುಪ್ರಾಣಿ ಗವಯ ಎಂದು ಕೇಳಿದ್ದವನು ಕಾಡಿನಲ್ಲಿ ಅದನ್ನು ಕಂಡು ಗುರುತಿಸುವುದು ಉಪಮಾನ. ನಂಬಲರ್ಹನಾದ ಆಪ್ತನ ಮಾತಿನಿಂದ ತಿಳಿಯುವುದು ಶಬ್ದ. ಪರದೆಯ ಮೇಲಿನ ಕಡಲು ಈ ನಾಲ್ಕರಲ್ಲಿ ಯಾವುದಕ್ಕೆ ಸೇರಬೇಕು?

ಮೊದಲ ನೋಟಕ್ಕೆ ಅದು ಪ್ರತ್ಯಕ್ಷದಂತೆಯೇ ತೋರುತ್ತದೆ. ಕಣ್ಣು ನೋಡುತ್ತಿದೆ, ಕಿವಿ ಕೇಳುತ್ತಿದೆ. ನಡುವೆ ಒಂದು ಗಾಜು ಇದೆ ಎಂಬುದೇ ಆಕ್ಷೇಪವಾದರೆ ಅದಕ್ಕೆ ಉತ್ತರ ನ್ಯಾಯಸೂತ್ರಗಳಲ್ಲೇ ಸಿಗುತ್ತದೆ. ಗಾಜು, ಅಭ್ರಕ, ಸ್ಫಟಿಕಗಳ ಆಚೆಗಿನ ವಸ್ತುವೂ ಕಾಣುತ್ತದಲ್ಲ, ಹಾಗಾದರೆ ಇಂದ್ರಿಯ ವಸ್ತುವನ್ನು ಮುಟ್ಟಲೇಬೇಕೆಂಬ ನಿಯಮ ಹೇಗೆ ನಿಲ್ಲುತ್ತದೆ ಎಂಬ ಆಕ್ಷೇಪವನ್ನು ಅಲ್ಲಿ ಎತ್ತಲಾಗಿದೆ. ಅಂಥ ಪಾರದರ್ಶಕ ವಸ್ತು ಕಣ್ಣಿನ ಕಿರಣವನ್ನು ತಡೆಯುವುದಿಲ್ಲ, ಆದ್ದರಿಂದ ಸಂಬಂಧ ಕಡಿಯುವುದಿಲ್ಲ ಎಂಬುದು ಸಿದ್ಧಾಂತಿಯ ಸಮಾಧಾನ. ಕಣ್ಣಿನಿಂದ ಕಿರಣ ಹೊರಡುತ್ತದೆಂಬ ಭೌತವಿವರಣೆ ಇಂದು ಬಿದ್ದುಹೋಗಿದ್ದರೂ ತರ್ಕ ಉಳಿದಿದೆ: ಮುಳುಗುಗಾರನ ಮುಖವಾಡದ ಗಾಜಿನಿಂದ ಮೀನನ್ನು ನೋಡಿದರೆ ಅದು ಪ್ರತ್ಯಕ್ಷವೇ, ಏಕೆಂದರೆ ಮೀನಿನಿಂದ ಹೊರಟ ಬೆಳಕೇ ಕಣ್ಣನ್ನು ಸೇರುತ್ತದೆ. ಪರದೆಯಿಂದ ಹೊರಡುವುದು ಪರದೆಯದೇ ಬೆಳಕು. ಯಾವುದನ್ನು ತೋರಿಸಬೇಕು, ಎಲ್ಲಿ ನಿಲ್ಲಬೇಕು, ಯಾವ ಬಣ್ಣ ಕೊಡಬೇಕು ಎಂದು ನಡುವೆ ಯಾರೋ ತೀರ್ಮಾನಿಸಿರುತ್ತಾರೆ.

ಹಾಗೆಂದು ಯಂತ್ರದ ಕಣ್ಣನ್ನು ಕೀಳೆನ್ನುವಂತಿಲ್ಲ. ಇರುವ ವಸ್ತುವೂ ಕಾಣದೆ ಹೋಗುವುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟು ಕಾರಣಗಳನ್ನು ಎಣಿಸುತ್ತದೆ: ವಸ್ತು ಬಹಳ ದೂರವಿರುವುದು, ಬಹಳ ಹತ್ತಿರವಿರುವುದು, ಇಂದ್ರಿಯ ಕೆಟ್ಟಿರುವುದು, ಮನಸ್ಸು ನೆಲೆಯಲ್ಲಿಲ್ಲದಿರುವುದು, ವಸ್ತು ತೀರ ಸಣ್ಣದಾಗಿರುವುದು, ನಡುವೆ ಅಡ್ಡವಿರುವುದು, ಪ್ರಬಲವಾದ ಇನ್ನೊಂದು ಅದನ್ನು ಮಂಕಾಗಿಸುವುದು, ತನ್ನಂಥದ್ದರಲ್ಲಿ ಬೆರೆತುಹೋಗುವುದು. ಕಡಲ ತಳಕ್ಕೆ ಇವುಗಳಲ್ಲಿ ಹಲವು ಒಟ್ಟಿಗೇ ಅನ್ವಯಿಸುತ್ತವೆ. ಅದು ದೂರ, ನಡುವೆ ನೀರಿನ ರಾಶಿ. ಸಾವಿರ ಮೀಟರಿನ ಕೆಳಗೆ ಸೂರ್ಯನ ಬೆಳಕೂ ಇಲ್ಲ. ದೂರವನ್ನೂ ಅಡ್ಡವನ್ನೂ ಸೂಕ್ಷ್ಮತೆಯನ್ನೂ ಕ್ಯಾಮೆರಾ ಗೆಲ್ಲುತ್ತದೆ. ಪಟ್ಟಿಯಲ್ಲಿರುವ ಮನಸ್ಸಿನ ಚಾಂಚಲ್ಯವನ್ನು ಮಾತ್ರ ಗೆಲ್ಲಲಾರದು. ಬೆರಳಾಡಿಸಿದರೆ ದೃಶ್ಯ ಬದಲಾಗುವ ಪರದೆಯ ಮುಂದೆ ಆ ದೋಷ ಹೆಚ್ಚುವುದೇ ಸಹಜ.

ಪರದೆಗೆ ಬರುವುದೆಲ್ಲ ಒಂದೇ ಬಗೆಯದೂ ಅಲ್ಲ. ರೋಬೋಟ್ ಯಂತ್ರ ತಳದಲ್ಲಿ ಸಾಗುತ್ತಿರುವಾಗಲೇ ಬರುವ ನೇರ ದೃಶ್ಯ ಒಂದು ಬಗೆ. ವಸ್ತು ಅಲ್ಲಿದೆ, ಈಗಲೇ ಇದೆ. ಮುಂದಿನ ಕ್ಷಣ ಏನು ಕಾಣುತ್ತದೆಂದು ತೋರಿಸುವವರಿಗೂ ಗೊತ್ತಿಲ್ಲ. ಪ್ರತ್ಯಕ್ಷಕ್ಕೆ ಅತ್ಯಂತ ಸಮೀಪದ್ದು ಇದೇ. ಎರಡನೆಯದು ಜೋಡಿಸಿದ ದೃಶ್ಯ. 2022ರಲ್ಲಿ ಟೈಟಾನಿಕ್ ಅವಶೇಷದ 7 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು, ಅವನ್ನು ಗಣಕದಲ್ಲಿ ಹೆಣೆದು ಇಡೀ ಹಡಗಿನ ಮೂರು ಆಯಾಮದ ಪ್ರತಿರೂಪವನ್ನು ರಚಿಸಲಾಯಿತು. ಅದು 2023ರಲ್ಲಿ ಹೊರಬಂತು. ನೀರನ್ನೆಲ್ಲ ಬಸಿದು ತೆಗೆದಂತೆ ಹಡಗು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ಆ ಕತ್ತಲಲ್ಲಿ ದೀಪದ ಬೆಳಕು ಕೆಲವೇ ಮೀಟರ್ ಹರಿಯುವುದರಿಂದ ಅಲ್ಲಿಗೆ ಇಳಿದು ಬಂದವರೂ ಹಡಗನ್ನು ಹಾಗೆ ಇಡಿಯಾಗಿ ಕಂಡಿಲ್ಲ. ಚೂರುಚೂರಾದ ಪ್ರತ್ಯಕ್ಷಗಳ ಮೇಲೆ ಅನುಮಾನ ಕಟ್ಟಿದ ಕಟ್ಟಡ ಅದು. ಗಟ್ಟಿಯಾದದ್ದೇ, ಆದರೂ ಕಟ್ಟಿದ್ದು.

ಮೂರನೆಯದು ಪುನರ್ರಚನೆ. ಇದಕ್ಕೆ ಗುಜರಾತಿನ ಲೋಥಲ್ ಒಳ್ಳೆಯ ಉದಾಹರಣೆ. ಶಿವಮೊಗ್ಗ ಜಿಲ್ಲೆಯವರಾದ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರ ನೇತೃತ್ವದಲ್ಲಿ 1955ರಿಂದ ಅಲ್ಲಿ ಉತ್ಖನನ ನಡೆದು, ಹರಪ್ಪ ಕಾಲದ ಊರೊಂದು ಹೊರಬಿತ್ತು. ಊರ ಅಂಚಿನಲ್ಲಿ ಸುಟ್ಟ ಇಟ್ಟಿಗೆಯ ಗೋಡೆಗಳಿರುವ, 200 ಮೀಟರಿಗೂ ಉದ್ದದ ಆಯತಾಕಾರದ ಹೊಂಡವಿದೆ. ರಾವ್ ಅದನ್ನು ಹಡಗುಕಟ್ಟೆ ಎಂದು ಗುರುತಿಸಿದರು. ಅದು ನೀರು ಶೇಖರಿಸುವ ಕೆರೆ ಇರಬೇಕೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಲೋಥಲ್‌ನಲ್ಲಿ ಸಿಕ್ಕ ಪರ್ಶಿಯನ್ ಕೊಲ್ಲಿಯ ಮಾದರಿಯ ಮುದ್ರೆಯಂಥ ಸಾಕ್ಷ್ಯಗಳು ಕಡಲ ವ್ಯಾಪಾರವನ್ನು ಹೇಳುತ್ತವೆ. ಹೊಂಡದ ಕೆಲಸ ಏನೆಂಬುದನ್ನು ತೀರ್ಮಾನಿಸುವುದಕ್ಕೆ ಮಾತ್ರ ತರ್ಕ ಬೇಕು. ಮುಂದೆ ನಿಂತು ನೋಡಿದವನಿಗೆ ಕಾಣುವುದು ಇಟ್ಟಿಗೆ ಮತ್ತು ಹೊಂಡ, ಅಷ್ಟೇ. ಪರದೆಯ ಚಿತ್ರದಲ್ಲಾದರೋ ಹೊಂಡಕ್ಕೆ ನೀರು ತುಂಬುತ್ತದೆ, ದೋಣಿಗಳು ಬಂದು ನಿಲ್ಲುತ್ತವೆ, ಹಮಾಲರು ಮೂಟೆ ಇಳಿಸುತ್ತಾರೆ. ಒಂದು ಪಕ್ಷದ ಅನುಮಾನ ಮಗುವಿನ ಕಣ್ಣಿಗೆ ಪ್ರತ್ಯಕ್ಷವಾಗಿಬಿಡುತ್ತದೆ, ವಾದ ನಡೆದಿತ್ತೆಂಬ ಸುಳಿವೂ ಉಳಿಯುವುದಿಲ್ಲ.

ಕಡಲಿನ ಚರಿತ್ರೆ ಒಂದೇ ಪ್ರಮಾಣದಿಂದ ತಿಳಿಯುವಂಥದ್ದಲ್ಲ ಎಂಬುದಕ್ಕೆ ‘ಸಾವೊ ಜೋಸೆ’ ಎಂಬ ಪೋರ್ಚುಗೀಸ್ ಹಡಗಿನ ಶೋಧ ಸಾಕ್ಷಿ. ಮೊಜಾಂಬಿಕ್‌ನಿಂದ 400ಕ್ಕೂ ಹೆಚ್ಚು ಗುಲಾಮರನ್ನು ತುಂಬಿಕೊಂಡು ಬ್ರೆಜಿಲ್‌ಗೆ ಹೊರಟಿದ್ದ ಈ ಹಡಗು 1794ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ಬಳಿ ಬಂಡೆಗೆ ಬಡಿದು ಒಡೆಯಿತು. 200ಕ್ಕೂ ಹೆಚ್ಚು ಗುಲಾಮರು ಸತ್ತರು. ಬದುಕುಳಿದವರನ್ನು ಕೇಪ್‌ನಲ್ಲೇ ಮತ್ತೆ ಮಾರಲಾಯಿತು. ಅವಶೇಷಗಳ ನಡುವೆ ಮುಳುಗುಗಾರರಿಗೆ ಕಬ್ಬಿಣದ ಗಟ್ಟಿಗಳು ಸಿಕ್ಕವು. ಕಣ್ಣಿಗೆ ಕಂಡದ್ದು ಇಷ್ಟೇ: ತುಕ್ಕು ಹಿಡಿದ ಕಬ್ಬಿಣ. ಅನುಮಾನದ ಕೆಲಸ ಶುರುವಾಗುವುದು ಇಲ್ಲಿಂದ. ಮನುಷ್ಯರ ತೂಕ ಸಾಮಾನಿನ ತೂಕಕ್ಕಿಂತ ಹಗುರ, ಒಂದೆಡೆ ನಿಲ್ಲುವಂಥದ್ದೂ ಅಲ್ಲ. ಜನರನ್ನೇ ಸರಕಾಗಿ ತುಂಬಿದ ಹಡಗು ತೂಗಿ ಮಗುಚದಂತೆ ತಳದಲ್ಲಿ ಕಬ್ಬಿಣವನ್ನು ಭಾರವಾಗಿ ಇಡುತ್ತಿದ್ದರು. ಆ ಹಡಗು ಇದೇ ಎಂದು ನಿಶ್ಚಯಿಸಲು ಶಬ್ದವೂ ಬೇಕಾಯಿತು: ಅಪಘಾತದ ಬಗ್ಗೆ ಕಪ್ತಾನ ಕೊಟ್ಟ ಹೇಳಿಕೆ ಕೇಪ್‌ನ ದಫ್ತರಗಳಲ್ಲಿ ಸಿಕ್ಕಿತು. ಕಂಡ ಕಬ್ಬಿಣ, ತರ್ಕಿಸಿದ ಭಾರ, ಬರೆದಿಟ್ಟ ಮಾತು ಮೂರೂ ಕೂಡಿದಾಗ ಚರಿತ್ರೆಯಾಯಿತು. ಪರದೆಯ ಮೇಲೆ ಬರಿಯ ಕಬ್ಬಿಣವನ್ನು ತೋರಿಸಿದರೆ ಮಗುವಿಗೆ ಕಬ್ಬಿಣವೇ ಕಾಣುತ್ತದೆ, ಗುಲಾಮರು ಕಾಣುವುದಿಲ್ಲ.

ಹೀಗೆ ನೋಡುತ್ತ ಹೋದರೆ ವರ್ಚುವಲ್ ಪ್ರವಾಸದ ಬಹುಪಾಲು ಶಬ್ದಪ್ರಮಾಣಕ್ಕೇ ಸೇರುತ್ತದೆ. ಮಾತು ಇಲ್ಲಿ ಚಿತ್ರದ ವೇಷ ತೊಟ್ಟಿರುತ್ತದೆ. ತೋರಿಸುವವರು ತೋರಿಸುವುದರ ಮೂಲಕವೇ ಹೇಳುತ್ತಿರುತ್ತಾರೆ. ಶಬ್ದಕ್ಕೆ ಸೇರಿತೆಂದರೆ ಕೀಳಾಯಿತೆಂದೇನಲ್ಲ, ಶಬ್ದವೂ ಪ್ರಮಾಣವೇ. ಆದರೆ ಅದಕ್ಕೆ ಆಪ್ತನ ನಿಯಮ ಅನ್ವಯಿಸುತ್ತದೆ. ವಿಷಯವನ್ನು ಸ್ವತಃ ಅರಿತಿರಬೇಕು, ಅರಿತದ್ದನ್ನು ಅರಿತಂತೆ ತಿಳಿಸುವ ಇಚ್ಛೆ ಇರಬೇಕು ಎಂಬುದು ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣ. ಇದು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸೇರಿಸುತ್ತಾನೆ. ಕಡಲಿನ ಪಾಠದಲ್ಲಿ ಈ ಮಾತಿಗೆ ಬೆಲೆ ಹೆಚ್ಚು. ಗಾಳಿ ತಿರುಗುವುದನ್ನು ಬಲ್ಲ ಮೀನುಗಾರ, ಹಡಗಿನ ಯಂತ್ರ ನೋಡಿಕೊಳ್ಳುವ ಕೆಲಸಗಾರ, ತಳಕ್ಕೆ ಇಳಿದು ಬಂದ ಮುಳುಗುಗಾರ ಎಲ್ಲರೂ ತಮ್ಮ ತಮ್ಮ ವಿಷಯದಲ್ಲಿ ಆಪ್ತರೇ. ಹೇಳುವವರು ಯಾರೆಂದು ತಿಳಿಸದ ಸುಂದರ ಚಿತ್ರಕ್ಕಿಂತ ಇಂಥವರೊಬ್ಬರು ಮಕ್ಕಳ ಪ್ರಶ್ನೆಗೆ ಉತ್ತರಿಸುವ ಅರ್ಧ ಗಂಟೆಯ ನೇರ ಸಂವಾದಕ್ಕೆ ಪ್ರಮಾಣದ ತೂಕ ಜಾಸ್ತಿ.

ಅರಿವಿನ ಪ್ರಶ್ನೆಯ ಜೊತೆಗೆ ಧರ್ಮದ ಪ್ರಶ್ನೆಯೂ ಇದೆ. ಮುಳುಗಿದ ಹಡಗು ಅನೇಕ ಸಲ ಸಮಾಧಿಯೂ ಹೌದು; ಟೈಟಾನಿಕ್ ದುರಂತದಲ್ಲಿ ಸತ್ತವರು ಸುಮಾರು 1,500 ಮಂದಿ. ನೀರಿನಡಿಯ ಸಾಂಸ್ಕೃತಿಕ ಪರಂಪರೆಯನ್ನು ಕುರಿತ ಯುನೆಸ್ಕೋದ 2001ರ ಒಪ್ಪಂದ, ಅವಶೇಷವನ್ನು ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂದೂ ಅಲ್ಲಿರುವ ಮಾನವ ಅವಶೇಷಗಳಿಗೆ ಗೌರವ ಸಲ್ಲಬೇಕೆಂದೂ ಹೇಳುತ್ತದೆ. ಮುಟ್ಟದೆ ನೋಡುವ ವರ್ಚುವಲ್ ಪ್ರವಾಸ ಈ ನಿಯಮಕ್ಕೆ ಒಪ್ಪುವಂಥದ್ದು. ಆದರೆ ಮುಟ್ಟದಿದ್ದ ಮಾತ್ರಕ್ಕೆ ಗೌರವ ಸಂದಂತಾಗುವುದಿಲ್ಲ. 2015ರಲ್ಲಿ ಮೊಜಾಂಬಿಕ್ ದ್ವೀಪದ ಮಣ್ಣನ್ನು ತಂದು, ‘ಸಾವೊ ಜೋಸೆ’ ಮುಳುಗಿದ ಜಾಗದಲ್ಲಿ ಮುಳುಗುಗಾರರು ಕಡಲಿಗೆ ಅರ್ಪಿಸಿದರು. ಊರಿಗೆ ಮರಳದವರ ಬಳಿಗೆ ಊರ ಮಣ್ಣೇ ಹೋಯಿತು. ಅದೇ ಜಾಗವನ್ನು ನಿಧಿ ಹುಡುಕುವ ಆಟದ ಧಾಟಿಯಲ್ಲಿ ತೋರಿಸಿದರೆ ಸಾವು ಮನರಂಜನೆಯಾಗುತ್ತದೆ.

ಉಳಿದದ್ದು ಪರದೆಗೆ ಎಟುಕದ ಇಂದ್ರಿಯಗಳ ಮಾತು. ಐದರಲ್ಲಿ ಎರಡು ಮಾತ್ರ ಪರದೆಯನ್ನು ದಾಟಿ ಬರುತ್ತವೆ. ಗಂಧ, ರುಚಿ, ಸ್ಪರ್ಶ ಬರುವುದಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ರಾತ್ರಿ ನೀರಿನಲ್ಲಿ ಉಪ್ಪು ಹಾಕಿಸಿ, ಬೆಳಿಗ್ಗೆ ಅದನ್ನು ಹುಡುಕಲು ಹೇಳುತ್ತಾನೆ. ಕಣ್ಣಿಗೆ ಕಾಣದ ಉಪ್ಪು ನಾಲಿಗೆಗೆ ಸಿಗುತ್ತದೆ, ಮೇಲಿನ ನೀರಿನಲ್ಲೂ ನಡುವಿನಲ್ಲೂ ತಳದಲ್ಲೂ. ಕಣ್ಣು ಸೋತಲ್ಲಿ ನಾಲಿಗೆ ಗುರುವಾಗುವ ಪಾಠ ಅದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸರಾಸರಿ 35 ಗ್ರಾಂ ಲವಣವಿರುತ್ತದೆ. ಅಷ್ಟು ಉಪ್ಪು ಕರಗಿಸಿದ ಒಂದು ಚೆಂಬು ನೀರನ್ನು ಮೇಜಿನ ಮೇಲಿಟ್ಟು, ಪ್ರತಿ ಮಗುವಿನ ನಾಲಿಗೆಗೆ ಒಂದೊಂದು ಹನಿ ಮುಟ್ಟಿಸುವುದು ಯಾವ ಶಾಲೆಗೂ ಕಷ್ಟವಲ್ಲ. ಕಡಲು ಕಾಣದ ಮಗುವಿಗೆ ಅದು ಗವಯದ ಕಥೆಯಂತೆ: ಮುಂದೆ ಎಂದೋ ದಡದಲ್ಲಿ ನಿಂತಾಗ ಗುರುತು ಹಿಡಿಯಲು ನೆರವಾಗುತ್ತದೆ.

ಆದ್ದರಿಂದ ವರ್ಚುವಲ್ ಪ್ರವಾಸವನ್ನು ಬೇಡವೆನ್ನಲು ತಾತ್ತ್ವಿಕ ಕಾರಣವಿಲ್ಲ. ಅದನ್ನು ಪ್ರತ್ಯಕ್ಷವೆಂದು ಒಪ್ಪಿಸುವುದು ಮಾತ್ರ ತಪ್ಪು. ಪ್ರತಿ ದೃಶ್ಯದ ಮುಂದೆಯೂ ಇದು ಕಂಡದ್ದೋ, ಜೋಡಿಸಿದ್ದೋ, ಊಹಿಸಿದ್ದೋ, ತೋರಿಸುತ್ತಿರುವವರು ಯಾರು ಎಂದು ಶಿಕ್ಷಕರು ಹೇಳಲೇಬೇಕು. ಪಾಠ ಮುಗಿದಾಗ ಮಗು ‘ನಾನು ನೋಡಿದೆ’ ಎನ್ನುವ ಬದಲು ‘ಇಂಥವರು ಹೀಗೆ ತೋರಿಸಿದರು’ ಎಂದರೆ, ಕಡಲಿನ ಜೊತೆಗೆ ಪ್ರಮಾಣಶಾಸ್ತ್ರದ ಮೊದಲ ಪಾಠವನ್ನೂ ಅದು ಕಲಿತಂತೆ.